ಮೀನಿನ ಪಂಚಾಂಗ ಹಿಡಿದು ಫ್ಲೋರಿಡಾ ಕೀಸ್‌ಗೆ

ಏಪ್ರಿಲ್ 27, ಫ್ಲಮಿಂಗೊ ದಾರಿಯಲ್ಲಿ

ಏಪ್ರಿಲ್ 30ರ ಮಧ್ಯರಾತ್ರಿ ದಾಟಿತೆಂದರೆ ಫ್ಲೋರಿಡಾದ ದಕ್ಷಿಣ ತುದಿಯ ಜೌಗುನಾಡಾದ ಎವರ್‌ಗ್ಲೇಡ್ಸ್ ನೀರಿನಲ್ಲಿ ಹಿಡಿದ ಸ್ನೂಕ್ ಮೀನನ್ನು ಮನೆಗೆ ಒಯ್ಯುವ ಹಾಗಿಲ್ಲ. ಅದೇ ಗಳಿಗೆಯಿಂದ, ಸ್ವಲ್ಪ ದಕ್ಷಿಣಕ್ಕಿರುವ ಕೀಸ್ ದ್ವೀಪಗಳ ಆಚೆ, ನಾಲ್ಕು ತಿಂಗಳು ಮುಟ್ಟಬಾರದಾಗಿದ್ದ ಗ್ರೂಪರ್ ಹಿಡಿಯಬಹುದು. ಭಾವ ನಮ್ಮ ಪ್ರವಾಸಕ್ಕೆ ಈ ದಿನಗಳನ್ನೇ ಆರಿಸಿದ್ದು ಇದಕ್ಕಾಗಿ. ಅವರು ಫ್ಲೋರಿಡಾದಲ್ಲೇ ನೆಲೆಸಿದವರು. ಸಮುದ್ರದಲ್ಲಿ ಗಾಳ ಹಾಕುವುದೆಂದರೆ ಪ್ರಾಣ. "ಒಂದೇ ವಾರದಲ್ಲಿ ಎರಡು ಕಾಲ ನೋಡಬಹುದು, ಬಾ ಮಾರಾಯ" ಅಂತ ಫೋನಿನಲ್ಲಿ ಕರೆದಿದ್ದರು.

ಮಯಾಮಿ ಬಿಟ್ಟು ಫ್ಲೋರಿಡಾ ಸಿಟಿ ದಾಟಿದ ಮೇಲೆ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನ. ಅಲ್ಲಿಂದ ಫ್ಲಮಿಂಗೊ ತನಕ 38 ಮೈಲಿ ಒಂದೇ ರಸ್ತೆ. ಮೊದಲು ಕಣ್ಣು ಹಾಯುವಷ್ಟು ದೂರ ಜೌಗಿನ ಹುಲ್ಲು, ಆಮೇಲೆ ಗಿಡ್ಡ ಸೈಪ್ರೆಸ್ ಮರಗಳು, ಕೊನೆಗೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ರಸ್ತೆ ಮುಗಿಯುವ ಕಡೆ ದೋಣಿಕಟ್ಟೆ. ಅದರಾಚೆ ಫ್ಲೋರಿಡಾ ಕೊಲ್ಲಿ.

ರಾತ್ರಿ ಭಾವ ರಾಜ್ಯದ ಮೀನು ಮತ್ತು ವನ್ಯಜೀವಿ ಆಯೋಗದ ನಿಯಮಗಳನ್ನು ಮೊಬೈಲಿನಲ್ಲಿ ತೆಗೆದು ಓದಿಸಿದರು. ಪ್ರತಿ ಮೀನಿಗೂ ಯಾವ ತಿಂಗಳು ಹಿಡಿಯಬಹುದು, ಎಷ್ಟು ಉದ್ದ ಇರಬೇಕು, ತಲೆಗೆ ಎಷ್ಟು ಅಂತ ಬರೆದಿದೆ. ಕರಾವಳಿಯ ಯಾವ ಭಾಗ ಅನ್ನುವುದರ ಮೇಲೆ ತಿಂಗಳುಗಳೂ ಬದಲಾಗುತ್ತವೆ. ನಾನಿಲ್ಲಿ ಬರೆಯುತ್ತಿರುವುದು ನಾವು ಹೋದಾಗ ಇದ್ದ ನಿಯಮ. ಅವು ಆಗಾಗ ಬದಲಾಗುತ್ತವೆ, ಹೋಗುವವರು ಆ ವಾರದ್ದನ್ನೇ ನೋಡಿಕೊಂಡು ಹೋಗಬೇಕು. ಬಾಡಿಗೆ ದೋಣಿಯಲ್ಲಿ ಹೋದರೆ ಪ್ರತ್ಯೇಕ ಲೈಸೆನ್ಸ್ ಬೇಡ, ಕ್ಯಾಪ್ಟನ್ ಲೈಸೆನ್ಸೇ ಪ್ರಯಾಣಿಕರಿಗೂ ಆಗುತ್ತದೆ.

ಏಪ್ರಿಲ್ 28, ಕಾಂಡ್ಲಾ ಬೇರಿನ ಕೆಳಗೆ

ಬೆಳಕು ಹರಿಯುವ ಮೊದಲೇ ದೋಣಿ ಬಿಟ್ಟೆವು. ಉಬ್ಬರ ಇಳಿಯಲು ಶುರುವಾಗಿತ್ತು. ಸ್ನೂಕ್‌ಗೆ ಅದೇ ಊಟದ ಹೊತ್ತು. ಕಾಂಡ್ಲಾ ಕಾಡಿನೊಳಗೆ ನುಗ್ಗಿದ್ದ ನೀರು ಸಣ್ಣ ತೋಡುಗಳಲ್ಲಿ ವಾಪಸ್ ಬರುತ್ತದೆ. ಜೊತೆಗೆ ಸಿಗಡಿ, ಮರಿಮೀನು ಎಲ್ಲ ಹರಿದು ಬರುತ್ತವೆ. ಸ್ನೂಕ್ ತೋಡಿನ ಬಾಯಲ್ಲಿ, ಬೇರುಗಳ ನೆರಳಲ್ಲಿ, ಹರಿವಿಗೆ ಮುಖ ಮಾಡಿ ಕಾಯುತ್ತಾ ನಿಂತಿರುತ್ತದೆ.

ಗೈಡ್ ಮೋಟರ್ ನಿಲ್ಲಿಸಿ ಉದ್ದ ಕೋಲಿನಿಂದ ದೋಣಿ ತಳ್ಳಿದರು. "ಬೇರಿಗೆ ಒಂದು ಗೇಣು ದೂರದಲ್ಲಿ ಬೀಳಬೇಕು. ಒಂದು ಮಾರು ಈಚೆ ಬಿದ್ದರೂ ಅದು ತಿರುಗಿ ನೋಡಲ್ಲ" ಅಂದರು. ಭಾವ ಎಸೆದ ಸಿಗಡಿ ಸರಿಯಾಗಿ ಬೇರಿನ ಕಮಾನಿನ ಕೆಳಗೆ ಬಿತ್ತು. ನೀರಿನಲ್ಲಿ ಟಪ್ಪೆಂದು ಒಂದು ಸದ್ದು. ಸ್ನೂಕ್ ಕಚ್ಚುವುದಿಲ್ಲ, ದೊಡ್ಡ ಬಾಯಿ ಒಮ್ಮೆಲೇ ತೆರೆದು ನೀರಿನ ಸಮೇತ ಎರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಸದ್ದು ಅದರದ್ದೇ. ಮರುಕ್ಷಣ ರಾಡ್ ಬಾಗಿತು, ಮೀನು ಬೇರುಗಳ ಕಡೆಗೇ ನುಗ್ಗಿತು. ಅಲ್ಲಿ ದಾರ ಸುತ್ತಿಕೊಂಡರೆ ಮುಗಿಯಿತು. ಭಾವ ರೀಲ್ ಬಿಗಿ ಮಾಡಿ ರಾಡನ್ನು ಪಕ್ಕಕ್ಕೆ ಎಳೆದು ಹಿಡಿದರು.

ದೋಣಿಯ ಪಕ್ಕಕ್ಕೆ ಬಂದಾಗ ಮೊದಲು ಕಂಡದ್ದು ಕಪ್ಪು ಗೆರೆ. ಕಿವಿರಿನಿಂದ ಬಾಲದ ತುದಿಯ ತನಕ ಪೆನ್ನಿನಲ್ಲಿ ಎಳೆದ ಹಾಗೆ. ಮೈ ಹೊನ್ನು ಬೆರೆತ ಬೆಳ್ಳಿ, ರೆಕ್ಕೆಗಳಲ್ಲಿ ಹಳದಿ. ಕಿವಿರಿನ ಮುಚ್ಚಳದ ಅಂಚು ಎಷ್ಟು ಹರಿತ ಎಂದರೆ ಗೈಡ್ ಆ ಕಡೆ ಬೆರಳನ್ನೇ ಒಯ್ಯಲಿಲ್ಲ, ಕೆಳದವಡೆ ಹಿಡಿದರು. ಅಳತೆ ಪಟ್ಟಿಯ ಮೇಲೆ 26 ಇಂಚು. ನೀರಿಗೆ ಬಿಟ್ಟರು.

ಈ ಭಾಗದಲ್ಲಿ ಇಟ್ಟುಕೊಳ್ಳಬಹುದಾದ ಸ್ನೂಕ್ 28ರಿಂದ 33 ಇಂಚಿನೊಳಗೆ ಇರಬೇಕು. ತಲೆಗೆ ಒಂದೇ. ಅದೂ ಮಾರ್ಚ್-ಏಪ್ರಿಲ್‌ನಲ್ಲಿ, ಆಮೇಲೆ ಸೆಪ್ಟೆಂಬರ್‌ನಿಂದ ನವೆಂಬರ್ ತನಕ. ಕೆಳಗೊಂದು ಗಡಿ ಇರುವುದು ಎಲ್ಲರಿಗೂ ಅರ್ಥವಾಗುತ್ತದೆ. ಮೇಲೊಂದು ಗಡಿ ಯಾಕೆ? ಸ್ನೂಕ್ ಗಂಡಾಗಿ ಬೆಳೆಯುತ್ತದೆ, ಆಮೇಲೆ ಹೆಣ್ಣಾಗುತ್ತದೆ. ತುಂಬಾ ದೊಡ್ಡದೆಲ್ಲ ಹೆಚ್ಚುಕಡಿಮೆ ಹೆಣ್ಣೇ, ಅತಿ ಹೆಚ್ಚು ಮೊಟ್ಟೆ ಇಡುವುದೂ ಅವೇ. ಮೇ ತಿಂಗಳಿಂದ ಇವು ಕಾಡಿನ ತೋಡುಗಳನ್ನು ಬಿಟ್ಟು ಅಳಿವೆಗಳ ಬಾಯಲ್ಲಿ ಗುಂಪು ಸೇರುತ್ತವೆ. ಬೇಸಿಗೆ ಪೂರ್ತಿ ಮೊಟ್ಟೆಯ ಕಾಲ. ಆಗ ಹಿಡಿಯುವುದು ಸುಲಭ, ಅದಕ್ಕೇ ಆಗ ಹಿಡಿದು ಒಯ್ಯಬಾರದು.

ಚಳಿಗಾಲದ ನಿಷೇಧದ ಹಿಂದೆ ಬೇರೆ ಕಥೆ ಇದೆ. ಸ್ನೂಕ್ ಬಿಸಿನೀರಿನ ಮೀನು. ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಮಂಕಾಗುತ್ತದೆ, ಇನ್ನೂ ನಾಲ್ಕೈದು ಡಿಗ್ರಿ ಇಳಿದರೆ ಸಾಯುತ್ತದೆ. 2010ರ ಜನವರಿಯಲ್ಲಿ ಫ್ಲೋರಿಡಾದಲ್ಲಿ ದಿನಗಟ್ಟಲೆ ಚಳಿ ಹಿಡಿದು ರಾಶಿ ರಾಶಿ ಸ್ನೂಕ್ ಸತ್ತು ತೇಲಿದವು. ಆಮೇಲೆ ಮೆಕ್ಸಿಕೊ ಕೊಲ್ಲಿಯ ಕಡೆಯ ಕರಾವಳಿಯಲ್ಲಿ ಸ್ನೂಕ್ ಒಯ್ಯುವುದನ್ನು ನಿಲ್ಲಿಸಿದರು. ಮತ್ತೆ ಅನುಮತಿ ಸಿಕ್ಕಿದ್ದು 2013ರ ಸೆಪ್ಟೆಂಬರ್‌ನಲ್ಲಿ. ಗೈಡ್‌ಗೆ ಆ ಜನವರಿ ಚೆನ್ನಾಗಿ ನೆನಪಿದೆ. ಅದರ ಬಗ್ಗೆ ಹೇಳುವಾಗ ಕೋಲು ತಳ್ಳುವುದನ್ನೇ ನಿಲ್ಲಿಸಿದ್ದರು.

ಬಿಸಿಲೇರಿದ ಮೇಲೆ ಕೆಸರಿನ ದಿಬ್ಬಗಳ ಕಡೆ ಹೋದೆವು. ಅಲ್ಲಿ ರೆಡ್‌ಫಿಶ್ ತಲೆ ಕೆಳಗೆ ಮಾಡಿ ಏಡಿ ಕೆದಕುತ್ತಿದ್ದವು, ತಾಮ್ರದ ಬಣ್ಣದ ಬಾಲ ನೀರಿನ ಮೇಲೆ. ಬಾಲದ ಬುಡದಲ್ಲಿ ಕಪ್ಪು ಚುಕ್ಕೆ. 1980ರ ದಶಕದಲ್ಲಿ ಮಸಾಲೆ ಸವರಿ ಕಪ್ಪಾಗುವಂತೆ ಸುಟ್ಟ ರೆಡ್‌ಫಿಶ್ ಅಮೆರಿಕದ ಹೋಟೆಲುಗಳಲ್ಲಿ ಹುಚ್ಚಿನ ಹಾಗೆ ಹಬ್ಬಿತು. ಕಡಲಿನಲ್ಲಿ ಗುಂಪಾಗಿ ಇದ್ದ ದೊಡ್ಡ ಮೀನುಗಳನ್ನು ಬಲೆಯಲ್ಲಿ ಬಾಚಿದರು. ಕೆಲವೇ ವರ್ಷದಲ್ಲಿ ನಿಷೇಧ ಹೇರಬೇಕಾಯಿತು. ಫ್ಲೋರಿಡಾದಲ್ಲಿ ಈಗ 18ರಿಂದ 27 ಇಂಚಿನ ಗಡಿ ಇದೆ. ನಾನು ಹಿಡಿದದ್ದು 22 ಇಂಚು ಇತ್ತು. ಇಟ್ಟುಕೊಳ್ಳಬಹುದಿತ್ತು, ಬಿಟ್ಟೆ. ಬಾಲ ಬೀಸಿ ಹೋಗುವಾಗ ಎದ್ದ ಕೆಸರಿನ ಮೋಡವನ್ನೇ ನೋಡುತ್ತಾ ನಿಂತೆ.

ಏಪ್ರಿಲ್ 29, ಇಸ್ಲಮೊರಾಡ

ಬಂದ ದಾರಿಯಲ್ಲೇ ವಾಪಸ್ ಹೋಗಿ ಕೀಸ್ ಹೆದ್ದಾರಿ ಹಿಡಿಯಬೇಕು. ದ್ವೀಪದಿಂದ ದ್ವೀಪಕ್ಕೆ ಸೇತುವೆ. ಎಡಕ್ಕೆ ಅಟ್ಲಾಂಟಿಕ್, ಬಲಕ್ಕೆ ಫ್ಲೋರಿಡಾ ಕೊಲ್ಲಿ. ವಿಳಾಸಗಳೆಲ್ಲ ಮೈಲಿಗಲ್ಲಿನ ಲೆಕ್ಕದಲ್ಲಿ, ಕೀ ವೆಸ್ಟ್ ಸೊನ್ನೆ.

ಮಧ್ಯಾಹ್ನದ ಮೇಲೆ ಬೋನ್‌ಫಿಶ್. ಮೊಣಕಾಲು ಮುಳುಗುವಷ್ಟು ನೀರು, ಕೆಳಗೆ ಹುಲ್ಲು ಮತ್ತು ಬಿಳಿ ಮರಳು. ಗೈಡ್ ಹಿಂದಿನ ಅಟ್ಟದ ಮೇಲೆ ನಿಂತು ಕೋಲು ಹಾಕುತ್ತಾರೆ, ನಾವು ಮೂತಿಯಲ್ಲಿ. ದೋಣಿಯ ಮೂತಿಯನ್ನು ಗಡಿಯಾರದ ಹನ್ನೆರಡು ಅಂತ ಇಟ್ಟುಕೊಂಡು "ಹತ್ತು ಗಂಟೆ, ಐವತ್ತು ಅಡಿ" ಅನ್ನುತ್ತಾರೆ. ನೋಡಿದರೆ ಏನೂ ಇಲ್ಲ. ಅದರ ಮೈ ಕನ್ನಡಿ, ಸುತ್ತಲಿನ ಬಣ್ಣವನ್ನೇ ತೋರಿಸುತ್ತದೆ. ಮರಳಿನ ಮೇಲೆ ಓಡುವ ನೆರಳನ್ನು ಹುಡುಕಬೇಕು ಅಂತ ಭಾವ ಹೇಳಿಕೊಟ್ಟರು. ಪೋಲರಾಯ್ಡ್ ಕನ್ನಡಕ ಇಲ್ಲದೆ ಈ ಆಟಕ್ಕೆ ಇಳಿಯಲೇಬಾರದು.

ಕೊನೆಗೆ ಒಂದು ಕಚ್ಚಿತು. ಎರಡು ಕೇಜಿಯ ಆಸುಪಾಸಿನ ಮೀನು ಅಷ್ಟೆ. ಆದರೆ ಮೊದಲ ಓಟಕ್ಕೇ ರೀಲಿನಿಂದ ನೂರು ಗಜ ದಾರ ಕಿತ್ತುಕೊಂಡು ಹೋಯಿತು. ಬೆರಳಿಟ್ಟು ತಡೆಯಲು ಹೋದರೆ ಬೆರಳು ಕುಯ್ಯುತ್ತದೆ. ಸುಮ್ನೆ ರಾಡ್ ಎತ್ತಿ ಹಿಡಿದು ಅದಕ್ಕೆ ಸುಸ್ತಾಗುವ ತನಕ ಕಾಯಬೇಕು.

ಫ್ಲೋರಿಡಾದಲ್ಲಿ ಬೋನ್‌ಫಿಶ್‌ಗೆ ಇಟ್ಟುಕೊಳ್ಳುವ ಕಾಲ ಅಂತಲೇ ಇಲ್ಲ. 2013ರಿಂದ ಹಿಡಿದರೂ ಬಿಡಲೇಬೇಕು. ಆದರೂ ಅದರ ಬದುಕಿಗೊಂದು ಕ್ಯಾಲೆಂಡರ್ ಇದೆ, ನನಗೆ ಈ ಪ್ರವಾಸದಲ್ಲಿ ತಿಳಿದ ಅತಿ ಚಂದದ ಸಂಗತಿಯೂ ಅದೇ. ಮಂಡಿ ನೀರಿನ ಈ ಮೀನು ಚಳಿಗಾಲದ ತಿಂಗಳುಗಳಲ್ಲಿ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸು, ಸಾವಿರಗಟ್ಟಲೆ ಗುಂಪು ಸೇರುತ್ತದೆ. ನೀರಿನ ಮೇಲೆ ಬಂದು ಗಾಳಿ ನುಂಗುತ್ತದೆ. ಕತ್ತಲಾದ ಮೇಲೆ ಆಳ ಸಮುದ್ರಕ್ಕೆ ಹೋಗಿ ನೂರು ಮೀಟರಿಗೂ ಕೆಳಗೆ ಮುಳುಗಿ, ಅಲ್ಲಿಂದ ಮೇಲೆ ಧಾವಿಸುತ್ತಾ ಮೊಟ್ಟೆ ಬಿಡುತ್ತದೆ. ಬಹಾಮಾಸ್‌ನಲ್ಲಿ ಮೀನಿಗೆ ಟ್ಯಾಗ್ ಕಟ್ಟಿ ಹಿಂದೆ ಹೋದ ವಿಜ್ಞಾನಿಗಳು ಇದನ್ನು ಕಂಡುಕೊಂಡರು. ಗಾಳ ಹಾಕುವವರಿಗೆ ವಸಂತ ಮತ್ತು ಶರತ್ಕಾಲ ಒಳ್ಳೆಯದು. ಬೇಸಿಗೆಯ ನಡುಹಗಲಿನಲ್ಲಿ ನೀರು ಕಾದು ಮೀನು ಆಳಕ್ಕೆ ಸರಿಯುತ್ತದೆ.

ಏಪ್ರಿಲ್ 30, ಬಾಹಿಯಾ ಹೊಂಡ ಸೇತುವೆ

ಬೆಳಿಗ್ಗೆ ಲಾಂಗ್ ಕೀ ದಾಟುವಾಗ ಸ್ವಲ್ಪ ನಿಂತೆವು. 20ನೇ ಶತಮಾನದ ಆರಂಭದಲ್ಲಿ, ಉದ್ಯಮಿ ಹೆನ್ರಿ ಫ್ಲ್ಯಾಗ್ಲರ್ ಕಡಲಿನ ಮೇಲೆ ರೈಲು ಹಾಕಿಸಿದ ಕಾಲದಲ್ಲಿ, ಇಲ್ಲೊಂದು ಮೀನುಗಾರಿಕೆ ಶಿಬಿರ ಇತ್ತು. ಲೇಖಕ ಝೇನ್ ಗ್ರೇ ಬರುತ್ತಿದ್ದದ್ದು ಅಲ್ಲಿಗೇ. 1935ರ ಚಂಡಮಾರುತ ಶಿಬಿರವನ್ನೂ ರೈಲುಹಳಿಯನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಯಿತು.

ಸಂಜೆಗೆ ಬಾಹಿಯಾ ಹೊಂಡ. ಹಳೆಯ ರೈಲು ಸೇತುವೆಯ ಕಬ್ಬಿಣ ಇನ್ನೂ ನಿಂತಿದೆ. ಅದರ ಕೆಳಗಿನ ಕಾಲುವೆಯಲ್ಲಿ ಟಾರ್ಪನ್. ನೀರು 24 ಡಿಗ್ರಿ ದಾಟಿದ ಮೇಲೆ ಇವು ಕೀಸ್ ತುಂಬ ಬರುತ್ತವೆ. ಏಪ್ರಿಲ್ ಕೊನೆಯಿಂದ ಜೂನ್ ತನಕ ಉಚ್ಛ್ರಾಯ. ಆಮೇಲೆ ಮೊಟ್ಟೆ ಇಡಲು ಆಳ ಸಮುದ್ರಕ್ಕೆ.

ಟಾರ್ಪನ್ ನೀರಿನ ಮೇಲೆ ಬಂದು ಹೊರಳುವುದನ್ನು ಒಮ್ಮೆಯಾದರೂ ನೋಡಬೇಕು. ಅದರ ಈಜುಚೀಲ ಶ್ವಾಸಕೋಶದ ಕೆಲಸವನ್ನೂ ಮಾಡುತ್ತದೆ. ಬಾಯಿ ಮೇಲೆತ್ತಿ ಗಾಳಿ ಎಳೆದುಕೊಂಡು ಬೆನ್ನು ಬಾಗಿಸಿ ಇಳಿಯುತ್ತದೆ. ಅಂಗೈಯಗಲದ ಹುರುಪೆಗಳು ಸಂಜೆಬಿಸಿಲಿಗೆ ಫಳ್ಳೆಂದವು. ಆಳುದ್ದ ಬೆಳೆಯುವ, ಐವತ್ತು ವರ್ಷಕ್ಕೂ ಮೀರಿ ಬದುಕಬಲ್ಲ ಮೀನು ಇದು. ಷಿಕಾಗೋದ ಶೆಡ್ ಅಕ್ವೇರಿಯಂನಲ್ಲಿ ಒಂದು ಟಾರ್ಪನ್ 1935ರಿಂದ 1998ರ ತನಕ ಇತ್ತು.

ಇಳಿತ ಶುರುವಾದ ಮೇಲೆ ಜೀವಂತ ಏಡಿಯನ್ನು ಗಾಳಕ್ಕೆ ಸಿಕ್ಕಿಸಿ ಹರಿವಿನ ಜೊತೆ ಬಿಟ್ಟೆವು. ಮೊದಲ ಮೀನು ಭಾವನಿಗೆ ಕಚ್ಚಿತು. ಎರಡು ಸಲ ಹಾರಿತು, ಪೂರ್ತಿ ನೀರಿನಿಂದ ಮೇಲೆ, ಕಿವಿರು ಗಲಗಲ ಅನ್ನಿಸುತ್ತಾ. ಹಾರಿದಾಗ ರಾಡನ್ನು ಮೀನಿನ ಕಡೆ ಬಾಗಿಸಿ ದಾರ ಸಡಿಲ ಬಿಡಬೇಕು. ಇಲ್ಲದಿದ್ದರೆ ದಾರ ತುಂಡು. ಅಷ್ಟರಲ್ಲಿ ಗೈಡ್ ಸೇತುವೆಯ ಕಂಬದ ಕಡೆ ಕೈ ತೋರಿಸಿದರು. ನೀರಿನ ಮೇಲೆ ಕುಡುಗೋಲಿನಂಥ ಎತ್ತರದ ರೆಕ್ಕೆ. ಹ್ಯಾಮರ್‌ಹೆಡ್ ಶಾರ್ಕ್. ಟಾರ್ಪನ್ ಬರುವ ಕಾಲ ಅವಕ್ಕೂ ಗೊತ್ತು.

"ಭಾವ, ಬಿಡಿ, ದಾರ ಬಿಡಿ!" ಅಂತ ನಾನು ಕೂಗುವ ಮೊದಲೇ ಅವರು ರೀಲಿನ ಹಿಡಿತ ಪೂರ್ತಿ ಬಿಟ್ಟಿದ್ದರು. ಎಳೆತ ಇಲ್ಲದ ಮೀನಿಗೆ ಓಡಿ ತಪ್ಪಿಸಿಕೊಳ್ಳುವ ಶಕ್ತಿ ಇರುತ್ತದೆ. ರೆಕ್ಕೆ ಒಂದು ಸುತ್ತು ಹೊಡೆದು ಮುಳುಗಿತು. ಗೈಡ್ ದಾರ ಕತ್ತರಿಸಿದರು. ಭಾವ ತುಂಬ ಹೊತ್ತು ನೀರನ್ನೇ ನೋಡಿದರು. "ತಪ್ಪಿಸಿಕೊಂಡಿತು ಅಲ್ವಾ?" ಅಂತ ಕೇಳಿದರು. ರಕ್ತ ಕಾಣಲಿಲ್ಲ, ನೀರು ಕಲಕಲಿಲ್ಲ. ತಪ್ಪಿಸಿಕೊಂಡಿತು ಅಂದರು ಗೈಡ್.

ಅಲ್ಲಿಂದ ದೂರ ಸರಿದು ಇನ್ನೊಂದು ಕಾಲುವೆಗೆ ಹೋದೆವು. ಅಲ್ಲಿ ನನಗೊಂದು ಸಿಕ್ಕಿತು. ದೋಣಿಯ ಪಕ್ಕಕ್ಕೆ ತರುವಷ್ಟರಲ್ಲಿ ತೋಳು ನಡುಗುತ್ತಿತ್ತು. 40 ಇಂಚಿಗಿಂತ ಉದ್ದದ ಟಾರ್ಪನ್ ಅನ್ನು ನೀರಿನಿಂದ ಎತ್ತುವ ಹಾಗಿಲ್ಲ. ವಿಶ್ವದಾಖಲೆಗೆ ಅಂತ ಮೊದಲೇ ಅನುಮತಿಯ ಟ್ಯಾಗ್ ಕೊಂಡವರಿಗೆ ಮಾತ್ರ ವಿನಾಯಿತಿ. ಈ ನಿಯಮ ನನಗೆ ಬಹಳ ಸರಿ ಅನ್ನಿಸುತ್ತದೆ. ಅಷ್ಟು ಭಾರದ ಮೀನಿನ ಮೈಯನ್ನು ನೀರೇ ಹೊತ್ತಿರುತ್ತದೆ. ಒಂದು ಫೋಟೋಗೆ ಅಂತ ದೋಣಿಗೆ ಎಳೆದರೆ ಒಳಗೆ ಏನೇನು ಜಜ್ಜುತ್ತದೋ. ಗೈಡ್ ಕೆಳದವಡೆ ಹಿಡಿದು ದೋಣಿಯನ್ನು ನಿಧಾನ ಮುಂದೆ ಬಿಟ್ಟರು, ಕಿವಿರೊಳಗೆ ನೀರು ಹರಿಯಲಿ ಅಂತ. ನಾನು ಬಗ್ಗಿ ಮುಖ ನೋಡಿದೆ. ಮೇಲೆ ತಿರುಗಿದ ಗಟ್ಟಿ ದವಡೆ, ಬಟ್ಟಲಿನಷ್ಟು ಕಣ್ಣು. ಅದು ಒಮ್ಮೆ ಗಾಳಿ ನುಂಗಿತು, ಗೈಡ್ ಕೈಯನ್ನು ಒದರಿಕೊಂಡು ಹೋಯಿತು.

ಮೇ 1, ಹವಳದ ದಂಡೆಯಾಚೆ

ದೋಣಿಕಟ್ಟೆಯಲ್ಲಿ ಬೆಳಗಿನ ಜಾವದಿಂದಲೇ ಗದ್ದಲ. ಗ್ರೂಪರ್ ಶುರು. ಜನವರಿಯಿಂದ ಏಪ್ರಿಲ್ ಕೊನೆಯ ತನಕ ಕೀಸ್‌ನಲ್ಲಿ ಬ್ಲಾಕ್ ಗ್ರೂಪರ್, ಗ್ಯಾಗ್ ಗ್ರೂಪರ್ ಹಿಡಿದು ಒಯ್ಯುವ ಹಾಗಿಲ್ಲ. ಮೊಟ್ಟೆಗಾಗಿ ಗುಂಪು ಸೇರುವ ತಿಂಗಳು ಅವು. ಇವೂ ಲಿಂಗ ಬದಲಿಸುವ ಮೀನು, ಆದರೆ ಸ್ನೂಕ್‌ಗೆ ಉಲ್ಟಾ. ಮೊದಲು ಹೆಣ್ಣು, ದೊಡ್ಡದಾದ ಮೇಲೆ ಗಂಡು. ದೊಡ್ಡವನ್ನೇ ಆರಿಸಿ ಹಿಡಿಯುತ್ತಾ ಹೋದರೆ ಗಂಡುಗಳೇ ಉಳಿಯುವುದಿಲ್ಲ.

ಹವಳದ ದಂಡೆಯ ಹೊರ ಅಂಚಿನಲ್ಲಿ ಲಂಗರು ಹಾಕಿದೆವು. ಗ್ರೂಪರ್ ಕಚ್ಚಿದ ಮೊದಲ ಕ್ಷಣದಲ್ಲೇ ತಳದಿಂದ ಮೇಲೆಳೆಯಬೇಕು. ಇಲ್ಲದಿದ್ದರೆ ಬಂಡೆಯ ಬಿಲಕ್ಕೆ ನುಗ್ಗಿ ಕಿವಿರು ಉಬ್ಬಿಸಿ ಕೂತುಬಿಡುತ್ತದೆ. ಭಾವ ಒಂದು ಒಳ್ಳೆಯ ಬ್ಲಾಕ್ ಗ್ರೂಪರ್ ತಂದರು, 24 ಇಂಚಿನ ಗಡಿಗಿಂತ ಸಾಕಷ್ಟು ಉದ್ದ. ಈ ಪ್ರವಾಸದಲ್ಲಿ ನಾವು ಇಟ್ಟುಕೊಂಡ ಗ್ರೂಪರ್ ಅದೊಂದೇ. ಆಮೇಲೆ ಬಂದದ್ದು ಗಿಡ್ಡ.

ಆ ಗಿಡ್ಡದ್ದನ್ನು ವಾಪಸ್ ಕಳಿಸಿದ ರೀತಿ ಹೇಳಲೇಬೇಕು. ಆಳದಿಂದ ಬೇಗ ಮೇಲೆ ಬಂದ ಮೀನಿನ ಈಜುಚೀಲದಲ್ಲಿ ಗಾಳಿ ಹಿಗ್ಗುತ್ತದೆ. ಹೊಟ್ಟೆ ಬಲೂನಾಗಿ, ಜಠರ ಬಾಯಿಗೆ ಬಂದಿರುತ್ತದೆ. ಸುಮ್ನೆ ನೀರಿಗೆ ಹಾಕಿದರೆ ಮುಳುಗಲಾರದೆ ತೇಲುತ್ತದೆ, ಶಾರ್ಕ್‌ಗೋ ಹಕ್ಕಿಗೋ ಆಹಾರ. ಗೈಡ್ ಅದರ ದವಡೆಗೆ ಭಾರ ಕಟ್ಟಿದ ಒಂದು ಕ್ಲಿಪ್ ಹಾಕಿ ದಾರದಲ್ಲಿ ಕೆಳಗಿಳಿಸಿದರು. ತಳ ಸೇರುತ್ತಿದ್ದಂತೆ ನೀರಿನ ಒತ್ತಡಕ್ಕೆ ಕ್ಲಿಪ್ ತಾನೇ ಬಿಚ್ಚಿಕೊಂಡಿತು. ಚೀಲವೂ ಅದೇ ಒತ್ತಡಕ್ಕೆ ಮೊದಲಿನಂತೆ ಕುಗ್ಗುತ್ತದೆ. ಇಂಥ ಸಾಧನ ದೋಣಿಯಲ್ಲಿ ಇರಲೇಬೇಕು ಅಂತ ಫೆಡರಲ್ ನಿಯಮವೇ ಇದೆ. ಗಡಿ, ಕಾಲ ಎಲ್ಲ ಪಾಲಿಸಿ ಬಿಟ್ಟ ಮೀನು ಸತ್ತೇ ಹೋದರೆ ಪಾಲಿಸಿ ಏನು ಬಂತು?

ಮಧ್ಯಾಹ್ನ ಇನ್ನೂ ಹೊರಗೆ, ಗಲ್ಫ್ ಸ್ಟ್ರೀಮ್‌ನ (ಬೆಚ್ಚನೆಯ ಕಡಲ ಪ್ರವಾಹ) ಕಡುನೀಲಿ ನೀರಿಗೆ. ಸರ್ಗಾಸಮ್ ಪಾಚಿಯ ಹಳದಿ ಸಾಲಿನ ಗುಂಟ ಮಾಹಿ-ಮಾಹಿ. ಗಾಳಕ್ಕೆ ಬಂದಾಗ ಹಸಿರು, ಹಳದಿ, ನೀಲಿ ಮೈಮೇಲೆ ಓಡಾಡುತ್ತವೆ. ನಾಲ್ಕೈದು ವರ್ಷಕ್ಕಿಂತ ಜಾಸ್ತಿ ಬದುಕದ, ಹುಟ್ಟಿದ ವರ್ಷವೇ ಮೊಟ್ಟೆ ಇಡುವ ಮೀನು. ಅದಕ್ಕೇ ವರ್ಷಪೂರ್ತಿ ಹಿಡಿಯಬಹುದು. ಇಲ್ಲಿ ಹೆಚ್ಚು ಬರುವುದು ಏಪ್ರಿಲ್‌ನಿಂದ ಬೇಸಿಗೆಯ ತನಕ. ಐವತ್ತು ವರ್ಷ ಬದುಕುವ ಟಾರ್ಪನ್‌ಗೂ ಇದಕ್ಕೂ ಒಂದೇ ನಿಯಮ ಹೇಗೆ ಆದೀತು!

ಮೇ 2, ಗಾಳಿ

ಗಾಳಿ ಜೋರಾಗಿ ದೋಣಿ ಬಿಡಲಿಲ್ಲ. ಕಟ್ಟೆಯಲ್ಲಿ ಒಬ್ಬ ಹಿರಿಯ ಕ್ಯಾಪ್ಟನ್ ಬಲೆ ಹೊಲಿಯುತ್ತಾ ಚಳಿಗಾಲದ ಸುದ್ದಿ ಹೇಳಿದರು. ನವೆಂಬರ್‌ನಿಂದ ಏಪ್ರಿಲ್ ತನಕ ಸೇಲ್‌ಫಿಶ್. ಉತ್ತರದಿಂದ ಶೀತಗಾಳಿ ಬೀಸಿದಷ್ಟೂ ಅವು ದಕ್ಷಿಣಕ್ಕೆ ಬರುತ್ತವೆ. ಆಗ ಗಾಳಿಪಟ ಹಾರಿಸಿ, ಅದರಿಂದ ದಾರ ಇಳಿಸಿ, ಜೀವಂತ ಮೀನನ್ನು ನೀರಿನ ಮೇಲ್ಪದರದಲ್ಲೇ ಕುಣಿಸುತ್ತಾರೆ. ಅಂಜಲ್ ಮೀನಿನ ಹತ್ತಿರದ ಸಂಬಂಧಿ ಕಿಂಗ್ ಮ್ಯಾಕರೆಲ್ ಕೂಡ ಕೀ ವೆಸ್ಟ್ ಸುತ್ತ ಸೇರುವುದು ಚಳಿಗೇ. "ನೀವು ತಿಂಗಳು ಕೇಳ್ತೀರಿ. ನಾನು ಮೊದಲು ನೀರಿನ ಬಿಸಿ ಎಷ್ಟು ಅಂತ ಕೇಳ್ತೀನಿ" ಅಂದರು. ಭಾವ ಅದನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡರು.

ಮೇ 3, ಕೀ ವೆಸ್ಟ್

ಕೊನೆಗೆ ಉಳಿದದ್ದು ಪರ್ಮಿಟ್ ಅನ್ನುವ ಮೀನು. ಟಾರ್ಪನ್, ಬೋನ್‌ಫಿಶ್, ಪರ್ಮಿಟ್ ಮೂರನ್ನೂ ಒಂದೇ ದಿನ ಹಿಡಿದರೆ ಗ್ರ್ಯಾಂಡ್ ಸ್ಲಾಮ್ ಅನ್ನುತ್ತಾರೆ. ಮೂರರಲ್ಲಿ ಕಷ್ಟದ್ದು ಇದೇ. ದೊಡ್ಡ ಕಣ್ಣು, ತಟ್ಟೆಯಂಥ ಮೈ, ಕತ್ತರಿ ಬಾಲ. ಬೆಳಿಗ್ಗೆ ಒಂದೇ ಒಂದು ಕಂಡಿತು. ನನ್ನ ಏಡಿಯ ಹಿಂದೆ ನಾಲ್ಕು ಮಾರು ಬಂತು, ಮೂತಿ ಹತ್ತಿರ ತಂದು ನೋಡಿತು, ತಿರುಗಿ ಹೋಯಿತು.

ಬೇರೆಯವು ಎಲ್ಲಿ ಅಂದದ್ದಕ್ಕೆ ಗೈಡ್ ನೈಋತ್ಯಕ್ಕೆ ಕೈ ತೋರಿಸಿದರು. ಅಲ್ಲಿ ಸುಮಾರು ಹತ್ತು ಮೈಲಿ ದೂರದಲ್ಲಿ ವೆಸ್ಟರ್ನ್ ಡ್ರೈ ರಾಕ್ಸ್. ಒಂದು ಚದರ ಮೈಲಿಯಷ್ಟು ಹವಳದ ಜಾಗ. ಕೀಸ್‌ನ ಪರ್ಮಿಟ್‌ಗಳು, ಮಟನ್ ಸ್ನ್ಯಾಪರ್‌ಗಳು ವಸಂತದಲ್ಲಿ ಮೊಟ್ಟೆಗಾಗಿ ಸೇರುವುದು ಅಲ್ಲಿ. ಹಿಂದೆ ಆ ಗುಂಪಿನ ಮೇಲೇ ದೋಣಿಗಳು ನಿಲ್ಲುತ್ತಿದ್ದವು. ಗಾಳಕ್ಕೆ ಸಿಕ್ಕಿದ ಪರ್ಮಿಟ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲನ್ನು ದೋಣಿ ಸೇರುವ ಮೊದಲೇ ಶಾರ್ಕ್ ತಿನ್ನುತ್ತಿತ್ತು ಅಂತ ಅಧ್ಯಯನದಲ್ಲಿ ಗೊತ್ತಾಯಿತು. 2021ರಿಂದ ಏಪ್ರಿಲ್ 1ರಿಂದ ಜುಲೈ 31ರ ತನಕ ಅಲ್ಲಿ ಗಾಳವನ್ನೇ ಹಾಕುವಂತಿಲ್ಲ, ಹಿಡಿದು ಬಿಡುತ್ತೇವೆ ಅಂದರೂ ಇಲ್ಲ. ಕೆಲವು ಕ್ಯಾಪ್ಟನ್‌ಗಳು ವಿರೋಧಿಸಿದ್ದರು, ಅವರ ದುಡಿಮೆಯ ಪ್ರಶ್ನೆ ಅದು. ಆದರೂ ನಾನು ನಿಷೇಧದ ಕಡೆಗೇ. ವರ್ಷವಿಡೀ ನೂರಾರು ಮೈಲಿಯಲ್ಲಿ ಚದುರಿರುವ ಮೀನು ನಾಲ್ಕು ತಿಂಗಳು ಒಂದು ಮೈಲಿಯೊಳಗೆ ಇರುವಾಗ, ಆ ಒಂದು ಮೈಲಿಯನ್ನು ಬಿಟ್ಟುಕೊಡುವುದು ಏನು ಮಹಾ?

ದಡಕ್ಕೆ ಬರುವಾಗ ಮುಂದಿನ ಸಲ ಯಾವಾಗ ಅನ್ನುವ ಚರ್ಚೆ. ಭಾವನಿಗೆ ಜನವರಿಯ ಸೇಲ್‌ಫಿಶ್ ಆಸೆ. ನಾನು ಅಕ್ಟೋಬರ್ ಅಂದೆ. ಪೂರ್ವ ಕರಾವಳಿಯಲ್ಲಿ ಮಲೆಟ್ ಮೀನು ಗುಂಪು ಗುಂಪಾಗಿ ದಕ್ಷಿಣಕ್ಕೆ ಇಳಿಯುತ್ತದೆ, ಹಿಂದೆಯೇ ಸ್ನೂಕ್, ಟಾರ್ಪನ್. ಸ್ನೂಕ್ ಮತ್ತೆ ತೆರೆದಿರುತ್ತದೆ, ಪರ್ಮಿಟ್ ಮಂಡಿ ನೀರಿಗೆ ವಾಪಸ್ ಬಂದಿರುತ್ತದೆ. ಗೈಡ್ ನನ್ನ ಕಡೆ ವೋಟು ಹಾಕಿದರು. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಅಕ್ಟೋಬರ್. ಆದರೆ ಹುಣ್ಣಿಮೆ ಯಾವತ್ತು ಅಂತ ನೋಡಿ ಟಿಕೆಟ್ ತೆಗಿ" ಅಂದರು.